ಮೂಲೆಯಿಲ್ಲದ ಮನೆ

ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಕೆಲಸಕ್ಕೆ ಸೇರಲು ಬಂದ ದಿನವೇ ಮನೋಹರ ಯಜಮಾನರ ಮನೆಗೆ ಪ್ರದಕ್ಷಿಣೆ ಹಾಕಿದ. ಭಕ್ತಿಗೇನೂ ಕೊರತೆಯಿರಲಿಲ್ಲ, ಬುದ್ಧಿಗಿತ್ತು. ಗುಂಡನೆಯ ಗೋಡೆ, ಮೇಲೊಂದು ಗುಮ್ಮಟ, ಬಾಗಿಲಿಗೆ ಮಾವಿನ ತೋರಣ. ಯಾವುದೋ ಹೊಸ ದೇವಸ್ಥಾನವೆಂದುಕೊಂಡು ಚಪ್ಪಲಿ ಬಿಟ್ಟು, ಸಂಬಳ ಬೇಗ ಏರಲೆಂದು ಬೇಡಿಕೊಳ್ಳುತ್ತ ಸುತ್ತತೊಡಗಿದ. ಎರಡನೆಯ ಸುತ್ತಿನಲ್ಲಿ ಒಳಗಿಂದ ಹೆಂಗಸಿನ ದನಿ ಬಂತು.

"ಯಾರಪ್ಪಾ ಅದು, ನಮ್ಮ ಬಚ್ಚಲ ಕಿಟಕಿಗೆ ಕೈ ಮುಗೀತಾ ಇರೋದು?"

ಆಕೆ ಯಜಮಾನಿ ನಾರಾಯಣಮ್ಮ. ಮನೆ ಕಟ್ಟಿಸಿದವರು ಅವರ ಗಂಡ ವೆಂಕಟರಮಣಪ್ಪ. ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುತ್ತಿದ್ದ ಸಾಧು ಮನುಷ್ಯ. ಸಿನಿಮಾ, ವಾಸ್ತು ಇವೆರಡರ ಮಾತು ಬಂದಾಗ ಮಾತ್ರ ಸಾಧುವಲ್ಲ.

ಹಳೆಯ ಮನೆಯಲ್ಲಿದ್ದಾಗ ಮಗ್ಗದ ಬೆಲ್ಟು ಹರಿದರೂ ವಾಸ್ತು ನೋಡುವವರು ಬಂದು ಒಂದೊಂದು ಮೂಲೆಯನ್ನು ಬಯ್ಯುತ್ತಿದ್ದರು. ಈಶಾನ್ಯದಲ್ಲಿ ಒಲೆಯಿದೆಯೆಂದು ಒಬ್ಬ ಒಲೆ ಕೀಳಿಸಿದ. ನೈಋತ್ಯ ತಗ್ಗಾಗಿದೆಯೆಂದು ಇನ್ನೊಬ್ಬ ಗಾಡಿಗಟ್ಟಲೆ ಮಣ್ಣು ಹೊಡೆಸಿದ. ಮತ್ತೊಬ್ಬ "ವಾಯವ್ಯ..." ಎಂದು ಬಾಯಿ ತೆರೆದನೋ ಇಲ್ಲವೋ, ವೆಂಕಟರಮಣಪ್ಪ ಎದ್ದು ನಿಂತರು.

"ಮೂಲೇನೇ ಇಲ್ದಂಗೆ ಕಟ್ತೀನಿ. ಅದ್ಯಾವ ಮೂಲೆಗೆ ದೋಷ ಹೇಳ್ತೀಯೋ ನೋಡೇಬಿಡ್ತೀನಿ!"

ಸಿನಿಮಾದ ಸಾಹುಕಾರರ ಬಂಗಲೆಗಳಲ್ಲಿ ಗುಂಡು ಹಜಾರ ನೋಡಿ ನೋಡಿ ಮೊದಲೇ ಅವರ ಮನಸ್ಸು ಅತ್ತ ವಾಲಿತ್ತು. ಹೀಗೆ ತೊಂಬತ್ತೊಂದರಲ್ಲಿ ಆ ಮನೆ ಎದ್ದಿತು. ಕೇಳಿದವರಿಗೆಲ್ಲ ನೆಲದ ಮೇಲೆ ನೂಲಿನ ಕುಣಿಕೆಯೊಂದನ್ನು ಇಟ್ಟು, ಮೊದಲು ಚೌಕವಾಗಿ ಎಳೆದು, ಆಮೇಲೆ ಗುಂಡಗೆ ಹರಡಿ, "ಅದೇ ನೂಲು, ಅಷ್ಟೇ ಉದ್ದ. ಯಾವುದರೊಳಗೆ ಜಾಗ ಜಾಸ್ತಿ, ನೀನೇ ಹೇಳು" ಎನ್ನುತ್ತಿದ್ದರು. ಗುಂಡಗಿರುವುದರಲ್ಲೇ ಜಾಗ ಹೆಚ್ಚೆಂಬುದು ನಿಜ. ಆ ಜಾಗ ಯಾವುದಕ್ಕೂ ಒದಗುತ್ತಿರಲಿಲ್ಲವೆಂಬುದೂ ನಿಜ. ಬೀರು ಗೋಡೆಗೆ ಒರಗದೆ ನೆಂಟರಂತೆ ನಡುವೆ ಬಂದು ನಿಂತಿತ್ತು. ಅದರ ಹಿಂದಿನ ಸಂದಿಯಲ್ಲಿ ಬೆಕ್ಕು ಸಂಸಾರ ಹೂಡಿತ್ತು. ನಿಲ್ಲಿಸಿದ ಪೊರಕೆ ಜಾರಿ ಬೀಳುತ್ತಿತ್ತು.

"ಸಿಟ್ಟು ಬಂದ್ರೆ ಹೋಗಿ ಕೂತ್ಕೊಳ್ಳೋಕೆ ಹೆಂಗಸಿಗೆ ಒಂದು ಮೂಲೆ ಬೇಡ್ವೇನ್ರೀ?" ಎಂದು ನಾರಾಯಣಮ್ಮ ಕೇಳುತ್ತಿದ್ದರು. ಮನೆಯ ನಟ್ಟನಡುವೆ ಅಡ್ಡಗೋಡೆ ಏಳಲೇಬೇಕೆಂಬುದು ಅವರ ಹಟ.

"ಅಡ್ಡಗೋಡೆ ಎದ್ರೆ ಅದು ಮನೆ ಅಲ್ಲ ಕಣೇ, ಹೋಳು ಮಾಡಿದ ಕಾಯಿ" ಎಂಬುದು ಗಂಡನ ಹಟ. ವರ್ಷಗಟ್ಟಲೆ ನಡೆದ ಈ ಜಗಳ ಬೀದಿಗೆಲ್ಲ ಬಾಯಿಪಾಠ.

ಕರೆಂಟು ಹೋಗಿ ಮಗ್ಗ ನಿಂತರೆ ಕೆಲಸದವರೆಲ್ಲ ಆ ಗುಮ್ಮಟದಡಿ ಬಂದು ಕೂರುತ್ತಿದ್ದರು. ಆಗ ಯಜಮಾನರ ಸಿನಿಮಾ ಜ್ಞಾನ ಬಿಚ್ಚಿಕೊಳ್ಳುತ್ತಿತ್ತು.

"ಫೈಟಿಂಗಲ್ಲಿ ತಲೆ ಮೇಲೆ ಒಡೀತಾರಲ್ಲ ಬಾಟ್ಲು, ಅದು ಸಕ್ಕರೆ ಪಾಕದ್ದು ಕಣ್ರಯ್ಯಾ. ಕುದುರೆ ಓಡೋ ಸದ್ದು ತೆಂಗಿನ ಚಿಪ್ಪಿಂದು."

"ಹಂಗಾದ್ರೆ ಹೀರೋ ಅಳೋದು ಯಜಮಾನ್ರೇ?" ಎಂದ ಮನೋಹರ.

"ಸಂಬಳ ಬರದೇ ಇದ್ದಾಗ ನಿಜವಾದ ಅಳು. ಮಿಕ್ಕಿದ್ದೆಲ್ಲಾ ಗ್ಲಿಸರಿನ್ನು."

ಹೀಗಿರುವಾಗ, ಮಾಕಳಿದುರ್ಗದ ಬೆಟ್ಟ ನೋಡಲು ಹೊರಟಿದ್ದ ಬೆಂಗಳೂರಿನ ಟಿ.ವಿ. ಧಾರಾವಾಹಿಯವರ ಕಣ್ಣಿಗೆ ಈ ಮನೆ ಬಿತ್ತು. ಒಂದು ದಿನದ ಶೂಟಿಂಗಿಗೆ ಬೇಕೆಂದರು. ವೆಂಕಟರಮಣಪ್ಪ ಹೆಂಡತಿಯ ಕಡೆ ತಿರುಗಿ, "ಶೂಟಿಂಗ್ ಆಯ್ತು ಅಂದ್ರೆ ಇನ್ಮೇಲೆ ಗೋಡೆ ಮಾತು ಎತ್ತಂಗಿಲ್ಲ" ಎಂದರು.

"ಆಗ್ಲಿಲ್ಲ ಅಂದ್ರೆ?"

"ಮಾರನೇ ದಿನಾನೇ ಗೋಡೆ!"

ಶೂಟಿಂಗಿನ ದಿನ, ತನ್ನ ಮೇಲೂ ಯಾರದಾದರೂ ಕಣ್ಣು ಬೀಳಲೆಂದು ಇಸ್ತ್ರಿ ಶರಟು ತೊಟ್ಟು ಬಂದ ಮನೋಹರನಿಗೆ ಲೈಟಿನ ವೈರು ಹಿಡಿಯುವ ಪಾತ್ರ ಸಿಕ್ಕಿತು. ನಾಯಕಿ ಕಣ್ಣೀರು ಸುರಿಸುತ್ತ, "ಈ ಮದುವೆಗೆ ನಾನು ಒಪ್ಪಲ್ಲ!" ಎಂದು ಚೀರಿದಳು.

"ಒಪ್ಪಲ್ಲ... ಪಲ್ಲ... ಲ್ಲ" ಎಂದಿತು ಗುಮ್ಮಟ.

ಮೆಲ್ಲಗೆ ಹೇಳಮ್ಮ ಎಂದರು ನಿರ್ದೇಶಕರು. ಹುಡುಗಿ ಮೆಲ್ಲಗೆ ಒಪ್ಪದೆ ಹೋದಳು. ಗುಮ್ಮಟ ಸುಮ್ಮನಿತ್ತು. ವೆಂಕಟರಮಣಪ್ಪ ಗೆದ್ದವರಂತೆ ಮೀಸೆಯ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಆಚೆ ಬದಿಯ ಗೋಡೆಗೆ ಅಂಟಿಕೊಂಡು ನಿಂತಿದ್ದ ನಾರಾಯಣಮ್ಮ ಪಕ್ಕದ ಮನೆ ಪಿಳ್ಳಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು.

"ಆ ಹುಡುಗಿಗಿಂತ ಡೈರೆಕ್ಟ್ರೇ ಜಾಸ್ತಿ ಪೌಡರ್ ಬಳ್ಕೊಂಡವ್ರೆ ಕಣೇ."

ಪಿಸುಮಾತು ಗುಂಡು ಗೋಡೆಯನ್ನೇ ಹಿಡಿದು ಹರಿದು, ಈಚೆ ಬದಿಯಲ್ಲಿ ಗೋಡೆಗೊತ್ತಿ ಕುರ್ಚಿ ಹಾಕಿಕೊಂಡಿದ್ದ ನಿರ್ದೇಶಕರ ಕಿವಿಯಲ್ಲೇ ಇಳಿಯಿತು. ಅವರು ಬೆಚ್ಚಿ ಹಿಂದಕ್ಕೆ ನೋಡಿದರೆ ಬರೀ ಸುಣ್ಣದ ಗೋಡೆ. ಪಕ್ಕದ ಮೈಕಿಗೂ ಅದು ಸಿಕ್ಕಿತ್ತು. ಟೇಪು ತಿರುಗಿಸಿ ಹಾಕಿದಾಗ ನಾಯಕಿ, ಅಷ್ಟು ಹೊತ್ತು ಗ್ಲಿಸರಿನ್ನಿನಲ್ಲಿ ಅತ್ತವಳು, ನಿಜವಾದ ಕಣ್ಣೀರು ಬರುವಂತೆ ನಕ್ಕಳು. ನಿರ್ದೇಶಕರು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಲೇ ಪ್ಯಾಕಪ್ ಎಂದರು. ವ್ಯಾನು ಸಂಜೆಯೊಳಗೆ ಊರು ಬಿಟ್ಟಿತು.

ಮಾರನೆಯ ಬೆಳಿಗ್ಗೆ ಗಾರೆ ಕೆಲಸದ ಹನುಮಂತರಾಯಪ್ಪ ಹಜಾರದ ನಡುವೆ ದಾರ ಹಿಡಿದು ಗೋಡೆ ಎಬ್ಬಿಸತೊಡಗಿದ. ಯಜಮಾನರು ಮುಸುಕೆಳೆದು ಮಲಗಿರುತ್ತಾರೆ, ನಾಲ್ಕು ಸಮಾಧಾನದ ಮಾತು ಹೇಳೋಣವೆಂದು ಮನೋಹರ ಹೋದ. ನೋಡಿದರೆ ವೆಂಕಟರಮಣಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ತಾವೇ ಇಟ್ಟಿಗೆ ಎತ್ತಿಕೊಡುತ್ತಿದ್ದರು. ಗಾರೆಯವನಿಗಿಂತ ಅವರಿಗೇ ಅವಸರ.

"ಇಷ್ಟು ವರ್ಷ ಗೋಡೆ ಬೇಡ ಅಂತ ಕೂಗಾಡಿದ್ರಿ. ಸೋತಿದ್ದಕ್ಕೆ ಬೇಜಾರಿಲ್ವಾ ಯಜಮಾನ್ರೇ?"

ವೆಂಕಟರಮಣಪ್ಪ ಹೆಂಡತಿ ಹಿತ್ತಲಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು ಇನ್ನೊಂದು ಇಟ್ಟಿಗೆ ಎತ್ತಿದರು.

"ಯಾತರ ಬೇಜಾರಲೇ? ಮಂಚ ಗೋಡೆಗೆ ಕೂರದೆ ದಿನಾ ನನ್ನ ದಿಂಬು ಸಂದೀಲಿ ಬೀಳ್ತಿತ್ತು. ಗೋಡೆ ಬೇಕು ಅಂತ ನಾನೇ ಬಾಯಿ ಬಿಟ್ಟು ಅವಳನ್ನ ಕೇಳೋಕಾಗ್ತಿತ್ತಾ?"