ಗಾಜಿನ ಮಿಸ್ತ್ರಿ ಸುಂಕಮ್ಮ

ಸುಂಕಮ್ಮ ಆ ಗ್ಯಾರೇಜಿಗೆ ಸೇರಿದ್ದು ಕಸ ಗುಡಿಸಲು. ಅದು ೧೯೬೪ರ ಬೇಸಿಗೆ. ಕುರುಗೋಡಿನಿಂದ ಮದುವೆಯಾಗಿ ಬಳ್ಳಾರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಮಾರೆಣ್ಣ ಅಲ್ಲೇ ಲಾರಿ ತೊಳೆಯುತ್ತಿದ್ದ. ಕೌಲ್‌ಬಜಾರಿನ ಕಡೆ ಎರಡು ಬೇವಿನ ಮರಗಳ ನಡುವೆ ತಗಡು ಹೊದಿಸಿದ ಜಾಗ. ಮಾಲೀಕರು ಮರಿಬಸಪ್ಪನವರು, ಹತ್ತಿ ವ್ಯಾಪಾರದ ಮನೆತನದವರು. ಮೋಟಾರಿನ ಹುಚ್ಚು ಹಿಡಿದು, ಮಂಡಿ ವ್ಯಾಪಾರವನ್ನು ತಮ್ಮಂದಿರಿಗೆ ಬಿಟ್ಟು ಗ್ಯಾರೇಜು ತೆಗೆದಿದ್ದರು.

ಬೆಳಿಗ್ಗೆ ಗುಡಿಸಿ ನೀರು ಚಿಮುಕಿಸಿದರೆ ಸುಂಕಮ್ಮನ ಮೊದಲ ಕೆಲಸ ಮುಗಿಯಿತು. ಆಮೇಲೆ ಮಿಸ್ತ್ರಿಗಳು ಕೈ ಒರೆಸಿ ಬಿಸಾಡಿದ ಬಟ್ಟೆಗಳನ್ನು ಸೋಡಾ ಹಾಕಿ ಕುದಿಸಿ ಒಗೆಯಬೇಕು. ಕಾರು ಬಂದರೆ ತೊಳೆಯಬೇಕು. ಲಾರಿ ಗಂಡನ ಪಾಲಿಗೆ, ಕಾರು ಹೆಂಡತಿಯ ಪಾಲಿಗೆ ಎಂದು ಮರಿಬಸಪ್ಪನವರೇ ಹಂಚಿಕೊಟ್ಟಿದ್ದರು. ಮಾರೆಣ್ಣನ ಕೈ ಒರಟು, ಅವನು ಉಜ್ಜಿದರೆ ಬಣ್ಣವೂ ಕೊಳೆಯ ಜೊತೆಗೇ ಬರುತ್ತಿತ್ತು.

ಬಳ್ಳಾರಿಯಲ್ಲಿ ಕಾರು ಇಟ್ಟವರಿಗೆಲ್ಲ ಆಗ ಒಂದೇ ದೂರು. ಗಾಜು ಏರಿಸಿದರೆ ಸೆಕೆಯಲ್ಲಿ ಬೇಯಬೇಕು, ಇಳಿಸಿದರೆ ಅದಿರಿನ ಕೆಂಪು ಧೂಳು ಕುಡಿಯಬೇಕು. ಹೀಗೆ ಏರಿಸಿ ಇಳಿಸಿ ಕೊನೆಗೆ ಹ್ಯಾಂಡಲ್ಲು ತಿರುಗಿಸಲು ಎರಡು ಕೈ ಬೇಕಾಗುತ್ತಿತ್ತು. ಹೆಡ್ ಮಿಸ್ತ್ರಿ ಎರ್ರೆಪ್ಪ ಮದ್ರಾಸಿನಲ್ಲಿ ಕೆಲಸ ಕಲಿತವನು, ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನು. ಗಾಜಿನಂಥ ಚಿಲ್ಲರೆ ಕೆಲಸಕ್ಕೆ ಅವನ ಮನಸ್ಸು ಬರುತ್ತಿರಲಿಲ್ಲ. ಎಣ್ಣೆ ಡಬ್ಬಿ ತಂದು ಗಾಜಿನ ಎರಡೂ ಬದಿಗೆ ನಾಲ್ಕು ಹನಿ ಬಿಟ್ಟು ಕಳಿಸುತ್ತಿದ್ದ. ಅವತ್ತಿನ ಮಟ್ಟಿಗೆ ಗಾಜು ಸಲೀಸಾಗಿ ಜಾರುತ್ತಿತ್ತು. ತಿಂಗಳೊಳಗೆ ಅದೇ ಕಾರು ಅದೇ ದೂರಿನೊಂದಿಗೆ ವಾಪಸು ಬರುತ್ತಿತ್ತು.

ಕಾರು ತೊಳೆಯುವಾಗ ಸುಂಕಮ್ಮ ಇದನ್ನು ಬಹಳ ದಿನ ನೋಡಿದಳು. ಗಾಜು ಏರಿಳಿಯುವ ಸಂದಿಯಲ್ಲಿ ರಬ್ಬರು, ಬಟ್ಟೆ ಸೇರಿಸಿ ಮಾಡಿದ ಒಂದು ಪಟ್ಟಿ ಇರುತ್ತದೆ. ಮಿಸ್ತ್ರಿಗಳು ಅದಕ್ಕೆ ಚಾನಲ್ಲು ಅನ್ನುತ್ತಾರೆ. ಎಣ್ಣೆ ಬಿದ್ದ ಚಾನಲ್ಲಿನಲ್ಲಿ ಬೆರಳು ಆಡಿಸಿದರೆ ಕಾಡಿಗೆಯಂಥ ಮೆತ್ತನೆಯ ಕೆಸರು ಅಂಟುತ್ತಿತ್ತು. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯಲ್ಲಿ ದೀಪದ ಗೂಡು ಉಜ್ಜುವ ಯಾವ ಹೆಂಗಸಿಗಾದರೂ ಅದು ಗೊತ್ತು.

ಒಂದು ದಿನ ದನದ ಡಾಕ್ಟರೊಬ್ಬರ ಕಾರು ತೊಳೆಯಲು ಬಂತು. ಡಾಕ್ಟರು ಊಟಕ್ಕೆ ಹೋಗಿದ್ದರು. ಸುಂಕಮ್ಮ ಬಿದಿರ ಕಡ್ಡಿಗೆ ಬಟ್ಟೆ ಸುತ್ತಿ, ಅಂಟುವಾಳದ ನೊರೆಯಲ್ಲಿ ಅದ್ದಿ, ಚಾನಲ್ಲಿನ ಉದ್ದಕ್ಕೂ ಎಳೆದಳು. ಬಟ್ಟೆ ಬದಲಿಸಿ ಬದಲಿಸಿ ಎಳೆದಳು. ಹನ್ನೊಂದನೇ ಬಟ್ಟೆ ಬಿಳಿಯಾಗಿ ಹೊರಬಂತು. ಬಿಸಿಲಿಗೆ ಬಾಗಿಲು ತೆಗೆದಿಟ್ಟು ಒಣಗಿಸಿದಳು. ಪಕ್ಕದ ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ಉದುರಿಸುವ ಬಿಳಿ ಪುಡಿಯನ್ನು ಒಂದು ಚಿಟಿಕೆ ಬೇಡಿ ತಂದು ಒಳಗೆ ಸವರಿದಳು. ಡಾಕ್ಟರು ಬಂದು ಹ್ಯಾಂಡಲ್ಲು ಹಿಡಿದರೆ ಎರಡೇ ಬೆರಳಿಗೆ ತಿರುಗಿತು. ಎರ್ರೆಪ್ಪ ಹೊಸ ಎಣ್ಣೆ ಹಾಕಿದನೇನೋ ಎಂದುಕೊಂಡು ಅವನನ್ನು ಹೊಗಳಿ ಹೋದರು. ಆ ಕಾರು ಆರು ತಿಂಗಳು ಗಾಜಿನ ಮಾತೆತ್ತಲಿಲ್ಲ.

ಅಲ್ಲಿಂದ ಕಾರು ತೊಳೆಯುವ ಕೆಲಸದ ಜೊತೆ ಇದೂ ಅವಳದಾಯಿತು. ಎರ್ರೆಪ್ಪ ಬೇಡ ಅನ್ನಲಿಲ್ಲ, ಒಂದು ತಲೆನೋವು ತಪ್ಪಿತು ಅಂದುಕೊಂಡ. ಆದರೆ ಸುಂಕಮ್ಮನಿಗೆ ಅರ್ಧ ಮಾತ್ರ ಗೊತ್ತಿತ್ತು. ಒಂದು ಸಲ ವಕೀಲರೊಬ್ಬರ ಕಾರಿನ ಬಾಗಿಲಿನ ಒಳಹಲಗೆ ಬಿಚ್ಚಿದ್ದಾಗ, ಗಾಜನ್ನು ಎತ್ತುವ ಹಲ್ಲುಚಕ್ರಕ್ಕೆ ಮೆತ್ತಿದ್ದ ಗ್ರೀಸನ್ನೂ ಕೊಳೆ ಎಂದೇ ತಿಳಿದು ಪೂರ್ತಿ ಒರೆಸಿ ಬಿಳಿ ಪುಡಿ ಹಚ್ಚಿದಳು. ಎರಡು ವಾರಕ್ಕೆ ಚಕ್ರ ಕಚ್ಚಿಕೊಂಡು ಗಾಜು ಬಾಗಿಲೊಳಗೆ ಕುಸಿದು ಚೂರಾಯಿತು. ವಕೀಲರು ಕೆಂಡವಾಗಿ ಬಂದು ಯಾರ ಕೆಲಸ ಇದು ಎಂದು ಕೇಳಿದರು. ಸುಂಕಮ್ಮ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದಳು. ಎರ್ರೆಪ್ಪ ಕಾರಿನ ಕೆಳಗಿನಿಂದ ಎದ್ದು ಬಂದು, ತನ್ನಿಂದಲೇ ತಪ್ಪಾಯಿತು, ಸರಿ ಮಾಡಿಕೊಡುತ್ತೇನೆ ಅಂದ.

ವಕೀಲರು ಹೋದ ಮೇಲೆ ಅವಳನ್ನು ಕರೆದು ಬಾಗಿಲ ಹತ್ತಿರ ಕೂರಿಸಿಕೊಂಡ. ಬೈಯಲಿಲ್ಲ. ಅವಳ ಬೆರಳನ್ನೇ ಚಕ್ರದ ಹಲ್ಲಿನ ಮೇಲೆ ಇರಿಸಿದ.

“ಕಬ್ಬಿಣಕ್ಕ ಕಬ್ಬಿಣ ತಿಕ್ಕೋ ಜಾಗದಾಗ ಗ್ರೀಸ್ ಬೇಕು. ಗಾಜಿಗೆ ಪಟ್ಟಿ ತಿಕ್ಕೋ ಜಾಗದಾಗ ಬ್ಯಾಡ. ಎರಡನೇದು ನೀ ನನಗ ಕಲಿಸಿದಿ, ಮೊದಲನೇದು ನಾ ನಿನಗ ಹೇಳಬೇಕಾಗಿತ್ತು.”

ಆಮೇಲೆ ಅವನು ಬಾಗಿಲಿನ ಒಳಗಿನದ್ದನ್ನೆಲ್ಲ ಒಂದೊಂದಾಗಿ ತೋರಿಸಿಕೊಟ್ಟ. ಸುಂಕಮ್ಮನಿಗೆ ಓದು ಬರದು. ಬಿಚ್ಚಿದ ಸ್ಕ್ರೂಗಳನ್ನು ನೆಲದ ಮೇಲೆ ಬಾಗಿಲಿನ ಆಕಾರದಲ್ಲೇ ಜೋಡಿಸಿಟ್ಟುಕೊಂಡು, ಹಾಗೇ ತಿರುಗಿ ಹಾಕುವುದನ್ನು ರೂಢಿ ಮಾಡಿಕೊಂಡಳು. ಮುಂದೆ ಅವಳ ಗಿರಾಕಿಯಾದ ನನ್ನ ಹಳೇ ಕಾರಿನ ಬಾಗಿಲನ್ನು ಅವಳು ಎರಡು ಸಲ ಬಿಚ್ಚಿದ್ದಾಳೆ. ಒಂದು ಸ್ಕ್ರೂ ಕೂಡ ಉಳಿದದ್ದಿಲ್ಲ, ಕಡಿಮೆ ಬಿದ್ದದ್ದೂ ಇಲ್ಲ.

೧೯೭೧ರಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯ ಚಿದಾನಂದಪ್ಪನವರು ಮದ್ರಾಸಿನಿಂದ ಒಂದು ಉದ್ದನೆಯ ವಿಲಾಯತಿ ಕಾರು ತಂದರು. ಯಾರೋ ಹಡಗಿನ ಕಂಪನಿಯವರು ಬಳಸಿ ಬಿಟ್ಟದ್ದು. ಅದರ ಗಾಜಿಗೆ ಹ್ಯಾಂಡಲ್ಲು ಇಲ್ಲ, ಗುಂಡಿ ಒತ್ತಿದರೆ ಕರೆಂಟಿನಲ್ಲಿ ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಕಾರು ಬಳ್ಳಾರಿಯಲ್ಲಿ ನಿಂತಲ್ಲೆಲ್ಲ ಜನ ಮುತ್ತುತ್ತಿದ್ದರು. ಚಿದಾನಂದಪ್ಪನವರು ಅದನ್ನು ಕೊಂಡದ್ದು ಶೋಕಿಗಲ್ಲ, ತಾಯಿಗೋಸ್ಕರ. ಕೊಟ್ರಬಸಮ್ಮನವರಿಗೆ ಎಂಬತ್ತರ ಹತ್ತಿರ ವಯಸ್ಸು, ಜೊತೆಗೆ ಉಬ್ಬಸ. ಎದುರಿಗೆ ಲಾರಿ ಬಂದರೆ ಗಾಜು ತಟ್ಟನೆ ಮುಚ್ಚಬೇಕು, ಧೂಳು ಸರಿದ ಮೇಲೆ ತೆಗೆಯಬೇಕು. ಅವರ ಕೈಗೆ ಹ್ಯಾಂಡಲ್ಲು ತಿರುಗಿಸುವ ಶಕ್ತಿ ಇರಲಿಲ್ಲ.

ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಗಾಜಿನ ಓಟ ತಗ್ಗಿತು. ತುಂಬಿದ ಬಸುರಿ ಮೆಟ್ಟಿಲು ಹತ್ತಿದ ಹಾಗೆ ನಿಂತು ನಿಂತು ಏರುತ್ತಿತ್ತು. ಒಮ್ಮೆ ಬಳ್ಳಾರಿಗೆ ಬರುವ ದಾರಿಯಲ್ಲಿ, ತೆಕ್ಕಲಕೋಟೆ ದಾಟಿದ ಮೇಲೆ, ಹೊಟ್ಟು ತುಂಬಿದ ಲಾರಿಯೊಂದು ಎದುರಾಯಿತು. ಕೊಟ್ರಬಸಮ್ಮನವರು ಗುಂಡಿ ಒತ್ತಿದರು. ಗಾಜು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಧೂಳೂ ಹೊಟ್ಟೂ ಒಳಗೆ ನುಗ್ಗಿ ಮುದುಕಿಗೆ ಉಸಿರು ಕಟ್ಟಿತು. ಮಗ ನೇರವಾಗಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿ, ಸಂಜೆಗೆ ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಕಾರನ್ನು ಮರಿಬಸಪ್ಪನವರ ಗ್ಯಾರೇಜಿಗೆ ತಂದು ನಿಲ್ಲಿಸಿದರು. ಐದು ದಿನಕ್ಕೆ ತಾಯಿಯನ್ನು ಮನೆಗೆ ಕಳಿಸುತ್ತಾರಂತೆ, ಅಷ್ಟರಲ್ಲಿ ಗಾಜು ಸರಿಯಾಗಬೇಕು ಅಂದರು.

ಎರ್ರೆಪ್ಪ ಗುಂಡಿ ಒತ್ತಿ, ಬಾಗಿಲಿಗೆ ಕಿವಿಯಿಟ್ಟು ಕೇಳಿದ. ಒಳಗಿನ ಸಣ್ಣ ಮೋಟಾರು ನರಳುತ್ತಿತ್ತು. ಮೋಟಾರು ಸೋತಿದೆ, ಮದ್ರಾಸಿಗೆ ಬರೆದು ತರಿಸಬೇಕು, ಎರಡು ತಿಂಗಳಾದರೂ ಹಿಡಿಯುತ್ತದೆ ಅಂದ. ಚಿದಾನಂದಪ್ಪನವರ ಮುಖ ಇಳಿಯಿತು. ಅವರು ಆಸ್ಪತ್ರೆಗೆ ಹೊರಟ ಮೇಲೆ ಸುಂಕಮ್ಮ ಎರ್ರೆಪ್ಪನ ಹತ್ತಿರ ಹೋಗಿ, ಗಾಜನ್ನು ಕಳಚಿ ಬರೀ ಮೋಟಾರನ್ನು ಓಡಿಸಿ ನೋಡಬಾರದೇ ಎಂದು ಕೇಳಿದಳು. ಹೊರೆ ಹೊತ್ತವನು ಏದುತ್ತಿದ್ದರೆ ಹೊರೆ ಇಳಿಸಿ ನೋಡಬೇಕಲ್ಲ ಅನ್ನುವುದು ಅವಳ ಲೆಕ್ಕ. ಎರ್ರೆಪ್ಪ ಸ್ಪ್ಯಾನರು ಎತ್ತಿಕೊಂಡ. ಗಾಜಿನಿಂದ ಬಿಡಿಸಿದ ಮೋಟಾರಿಗೆ ಕರೆಂಟು ಕೊಟ್ಟರೆ ಅದು ಹೊಸದರಂತೆ ಗಿರ್ರೆಂದು ತಿರುಗಿತು.

ಮುಂದಿನದು ಸುಂಕಮ್ಮನ ಕೆಲಸ. ಗಾಜು ಅಂಟುತ್ತಿದೆ ಎಂದು ಡ್ರೈವರು ತಿಂಗಳುಗಟ್ಟಲೆ ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದ. ಗಿರಣಿಯ ತೌಡು ಅದರಲ್ಲಿ ಕಲಸಿಕೊಂಡು, ಸಿರುಗುಪ್ಪದ ಬಿಸಿಲಿಗೆ ಒಣಗಿ, ಚಾನಲ್ಲಿನ ತುಂಬ ಸುಟ್ಟ ರೊಟ್ಟಿಯ ಹಾಗೆ ಹೆಪ್ಪುಗಟ್ಟಿತ್ತು. ಕೊಟ್ರಬಸಮ್ಮನವರ ಕಡೆಯ ಬಾಗಿಲಲ್ಲಿ ವಿಭೂತಿಯ ಚೂರೂ ಅಡಿಕೆ ಹೋಳೂ ಸಿಕ್ಕವು. ಕಬ್ಬಿಣ ತಾಗಿಸಿದರೆ ಗಾಜಿಗೆ ಗೀರು ಬೀಳುತ್ತದೆಂದು ಬಿಸಿನೀರಿನ ಬಟ್ಟೆ ಹೊದಿಸಿ ನೆನೆಸಿ, ಬಿದಿರ ಕಡ್ಡಿಯಿಂದಲೇ ಎಬ್ಬಿಸಿದಳು. ಎರಡು ದಿನ ಅದೇ ಆಯಿತು. ಕೆಳಗಿನ ಹಲ್ಲುಚಕ್ರಗಳ ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸದು ತುಂಬಿದಳು. ಆದರೆ ಹಿಂದಿನ ಬಾಗಿಲುಗಳ ಪಟ್ಟಿ ಸವೆದು ಹರಿದಿತ್ತು. ಅಂಥ ಪಟ್ಟಿ ಬಳ್ಳಾರಿಯಲ್ಲಿ ಸಿಗುವಂಥದ್ದಲ್ಲ. ಮನೆಯಲ್ಲಿ ಮಾರೆಣ್ಣ ಹೊದೆಯುವ ಹಳೇ ಕಂಬಳಿ ಅವಳ ಕಣ್ಣಿಗೆ ಬಿತ್ತು. ಒಗೆದು ಒಗೆದು ಅದು ನುಣ್ಣಗೆ, ದಟ್ಟಗೆ ಆಗಿತ್ತು. ಅದರ ಅಂಚಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಮಡಿಸಿ ಹೊಲಿದು, ಚಾನಲ್ಲಿಗೆ ಅಂಟಿಸಿದಳು. ಮಾರೆಣ್ಣ ಆ ಚಳಿಗಾಲ ಮೊಣಕಾಲು ಮಡಿಸಿಕೊಂಡು ಮಲಗಿದ.

ಮೊದಲು ಗಾಜು ಏರುವಷ್ಟರಲ್ಲಿ ಇಪ್ಪತ್ತರವರೆಗೆ ಎಣಿಸಬಹುದಿತ್ತು. ಈಗ ಐದಕ್ಕೆ ಮೇಲೆ ಮುಟ್ಟಿತು. ಎರ್ರೆಪ್ಪ ನಾಲ್ಕೂ ಬಾಗಿಲುಗಳನ್ನು ಮೂರು ಮೂರು ಸಲ ನೋಡಿ, ಚಿದಾನಂದಪ್ಪನವರಿಗೆ ಯಾರು ಮಾಡಿದ್ದೆಂದು ತಾನೇ ಹೇಳಿದ.

ಅವರಿಗೆ ನಂಬಿಕೆ ಬಂತು, ಧೈರ್ಯ ಬರಲಿಲ್ಲ. ದಾರಿಯಲ್ಲಿ ಮತ್ತೆ ನಿಂತರೆ ಗತಿಯೇನು, ಮಾಡಿದವಳು ಸಿರುಗುಪ್ಪದವರೆಗೆ ಜೊತೆಗೆ ಬರಲಿ ಅಂದರು. ಆಸ್ಪತ್ರೆಯ ಬಾಗಿಲಲ್ಲಿ ಕೊಟ್ರಬಸಮ್ಮನವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಮುಂದೆ ಡ್ರೈವರು, ಚಿದಾನಂದಪ್ಪನವರು. ಉಳಿದದ್ದು ಅಮ್ಮನವರ ಪಕ್ಕದ ಜಾಗವೊಂದೇ. ಸುಂಕಮ್ಮನ ಕೇರಿಯವರು ಅಂಥ ಮನೆಯವರ ಪಕ್ಕ ಕೂರುವ ಕಾಲ ಅದಲ್ಲ. ತಾನು ಬಸ್ಸಿಗೆ ಬರುವುದಾಗಿ ಹೇಳಿ ಅವಳು ಹಿಂದೆ ಸರಿದಳು. ಮುದುಕಿ ಸೀಟಿನ ಮೇಲಿದ್ದ ತಮ್ಮ ಸೆರಗು ಎಳೆದುಕೊಂಡು ಜಾಗ ಮಾಡಿದರು.

“ನೀ ಬಸ್ಸಿನಾಗ, ನಾ ಕಾರಿನಾಗ ಇದ್ರ ಗಾಜು ನಿಂತಾಗ ಯಾರನ್ನ ಕೇಳ್ಲಿ? ಹತ್ತವ್ವ.”

ಸುಂಕಮ್ಮ ಬಾಗಿಲಿಗೆ ಒತ್ತಿಕೊಂಡು ಕುಳಿತಳು. ಊರು ದಾಟಿ ಮೊದಲ ಲಾರಿ ಕಂಡಾಗ ಕೊಟ್ರಬಸಮ್ಮನವರು ಗುಂಡಿ ಒತ್ತಿದರು. ಗಾಜು ಸರ್ರನೆ ಏರಿತು, ಕೆಂಪು ಧೂಳು ಹೊರಗೇ ಹಾದುಹೋಯಿತು. ಮುದುಕಿ ಇಳಿಸಿದರು. ಮತ್ತೆ ಏರಿಸಿದರು. ಆಮೇಲೆ ಲಾರಿ ಇಲ್ಲದಾಗಲೂ ಏರಿಸಿ ಇಳಿಸುತ್ತ, ಕಾಲುವೆ ಪಕ್ಕದ ಭತ್ತದ ಗದ್ದೆಗಳ ಗಾಳಿ ಕುಡಿಯುತ್ತ ಬಂದರು. ಬ್ಯಾಟರಿ ಇಳಿಯುತ್ತದೆ ಎಂದು ಮಗ ಹೇಳಿದರೂ ಕೇಳಲಿಲ್ಲ. ಒಳಗೆ ಏನು ಹಾಕಿದಿ ಎಂದು ಸುಂಕಮ್ಮನನ್ನು ಕೇಳಿದರು. ಗಂಡನ ಕಂಬಳಿ ಅಂದಾಗ ಮುದುಕಿಗೆ ನಕ್ಕು ನಕ್ಕು ಕೆಮ್ಮು ಬಂತು.

ಸಿರುಗುಪ್ಪದ ಮನೆಯಲ್ಲಿ ಸುಂಕಮ್ಮನಿಗೆ ಹೊರಗಿನ ಕಟ್ಟೆಯ ಮೇಲೆ, ಬೇರೆ ಲೋಟದಲ್ಲಿ ಚಹಾ ಕೊಟ್ಟರು. ಕುಡಿದು ತೊಳೆದಿಟ್ಟು ಸಂಜೆಯ ಬಸ್ಸಿಗೆ ಬಳ್ಳಾರಿಗೆ ಬಂದಳು. ಕಾರಿನೊಳಗೆ ಒಂದು ರೀತಿ, ಮನೆಯೊಳಗೆ ಇನ್ನೊಂದು ರೀತಿ ಅಂದಳಂತೆ ಗಂಡನಿಗೆ. ಸಿಟ್ಟಿನಿಂದ ಹೇಳಿದಳೋ ಸುಮ್ಮನೆ ಹೇಳಿದಳೋ ಮಾರೆಣ್ಣನಿಗೆ ತಿಳಿಯಲಿಲ್ಲ. ಅವತ್ತು ಅವಳು ಊಟ ಮಾತ್ರ ಸರಿಯಾಗಿ ಮಾಡಲಿಲ್ಲ.

ಒಂದು ವಾರಕ್ಕೆ ಚಿದಾನಂದಪ್ಪನವರು ಹೇಳಿ ಕಳಿಸಿದರು. ಗಿರಣಿಯ ಗಾಡಿಗಳನ್ನು ನೋಡಿಕೊಳ್ಳಲು ಗಂಡ ಹೆಂಡತಿ ಇಬ್ಬರೂ ಸಿರುಗುಪ್ಪಕ್ಕೆ ಬಂದಿರಲಿ, ಇರಲು ಜಾಗ ಕೊಡುತ್ತೇನೆ ಎಂದು. ಮಾರೆಣ್ಣನಿಗೆ ಆಸೆಯಿತ್ತು. ಸುಂಕಮ್ಮ ಎರಡು ದಿನ ಯೋಚಿಸಿ ಬೇಡ ಅಂದಳು. ಮೂರನೇ ದಿನ ಬೆಳಿಗ್ಗೆ ಪೊರಕೆ ಮುಟ್ಟದೆ ಮರಿಬಸಪ್ಪನವರ ಮುಂದೆ ಹೋಗಿ ನಿಂತಳು.

“ಧಣೀ, ನಾ ಇಲ್ಲೇ ಇರ್ತೀನಿ. ಆದ್ರ ಇನ್ನ ಕಸ ಗುಡಿಸಂಗಿಲ್ಲ. ಗಾಜಿನ ಕೆಲಸ ಮಾಡ್ತೀನಿ.”

ಮರಿಬಸಪ್ಪನವರು ಒಳ್ಳೆಯವರೇ. ಆದರೂ ಗುಡಿಸುವವರು ಯಾರು ಅನ್ನುವುದೇ ಅವರ ಬಾಯಿಗೆ ಮೊದಲು ಬಂದದ್ದು. ಎರ್ರೆಪ್ಪ ಟಯರಿನ ಮೇಲೆ ಕೂತು ಬೀಡಿ ಸೇದುತ್ತಿದ್ದವನು ಎದ್ದು, ಅವರವರ ಜಾಗ ಅವರವರು ಗುಡಿಸಿಕೊಂಡರಾಯಿತು ಅಂದ. ಹೇಳಿ ಸುಮ್ಮನಾಗದೆ ಪೊರಕೆ ತೆಗೆದುಕೊಂಡು, ಗಾಡಿಯ ಕೆಳಗೆ ಇಳಿದು ಕೆಲಸ ಮಾಡುವ ತನ್ನ ಗುಂಡಿಯ ಸುತ್ತ ಗುಡಿಸಿದ. ಉಳಿದ ಮಿಸ್ತ್ರಿಗಳು ಮುಖ ಮುಖ ನೋಡಿಕೊಂಡರು. ಎರಡು ದಿನ ಗೊಣಗಿದರು, ಆಮೇಲೆ ಗುಡಿಸಿದರು. ಸುಂಕಮ್ಮನಿಗೆ ಬೇವಿನ ನೆರಳಿನಲ್ಲಿ ಒಂದು ಜಾಗ, ಕೂರಲು ಒಂದು ಸ್ಟೂಲು ಸಿಕ್ಕಿತು. ಗಾಜಿನ ಮಾತನ್ನು ಗಿರಾಕಿಗಳು ಅವಳ ಜೊತೆಗೇ ಆಡಬೇಕಾಯಿತು. ಗಾಜಿನ ಮಿಸ್ತ್ರಿ ಎಂಬ ಹೆಸರು ಬಂದದ್ದು ಆಗ.

ಮುಂದಿನ ಹದಿನೈದು ವರ್ಷ ಅವಳ ಬದುಕು ಹೀಗೇ ನಡೆಯಿತು. ಕೊಟ್ರಬಸಮ್ಮನವರು ನಾಲ್ಕು ವರ್ಷ ಬದುಕಿದರು. ಪ್ರತಿ ಬೇಸಿಗೆ ಬಳ್ಳಾರಿಗೆ ಬಂದಾಗ ಕಾರನ್ನು ಬೇವಿನ ಕೆಳಗೆ ನಿಲ್ಲಿಸಿ, ಗಾಜು ಸ್ವಚ್ಛವಾಗುವವರೆಗೆ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಅವರು ತೀರಿಕೊಂಡ ಸುದ್ದಿ ಸುಂಕಮ್ಮನಿಗೆ ತಿಂಗಳು ಕಳೆದ ಮೇಲೆ, ಹೊಸ ಡ್ರೈವರಿನಿಂದ ತಿಳಿಯಿತು. ಬಿಚ್ಚಿದ ಬಾಗಿಲನ್ನು ಹಾಗೇ ಬಿಟ್ಟು ಹೋಗಿ ಕೈ ತೊಳೆದು, ನೀರಿನ ತೊಟ್ಟಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದಳು. ಎರ್ರೆಪ್ಪ ಕಣ್ಣಿಗೆ ಪೊರೆ ಬಂದು, ಮಗಳ ಊರು ರೂಪನಗುಡಿಗೆ ಹೋಗಿ ಸೇರಿಕೊಂಡ. ಮರಿಬಸಪ್ಪನವರಿಗೂ ವಯಸ್ಸಾಗಿ, ೧೯೮೭ರಲ್ಲಿ ಗ್ಯಾರೇಜು ಮುಚ್ಚಿದರು. ಮುಚ್ಚುವ ದಿನ ಅವಳ ಸ್ಪ್ಯಾನರುಗಳನ್ನು ಅವಳಿಗೇ ಕೊಟ್ಟರು.

ಸುಂಕಮ್ಮನ ಪಕ್ಕದ ಮನೆಯ ಹುಲುಗಮ್ಮ ಪ್ಯಾಂಟು ಹೊಲಿಯುವ ಕಡೆ ಕೆಲಸಕ್ಕಿದ್ದವಳು. ಈಚಿನ ವರ್ಷಗಳಲ್ಲಿ ಚಾನಲ್ಲಿನ ಕಂಬಳಿ ಪಟ್ಟಿಗಳನ್ನು ಅವಳೇ ಮಿಷನ್ನಿನಲ್ಲಿ ಹೊಲಿದುಕೊಡುತ್ತಿದ್ದಳು. ಇಬ್ಬರೂ ಸೇರಿ ಸಿರುಗುಪ್ಪ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದು, ಸ್ಪ್ಯಾನರುಗಳ ಜೊತೆ ಹೊಲಿಗೆ ಮಿಷನ್ನನ್ನೂ ಅಲ್ಲಿಟ್ಟರು. ಮೊದಲ ದಿನ ಒಂದೂ ಕಾರು ಬರಲಿಲ್ಲ. ಮಾರೆಣ್ಣ ಎರಡು ಸಲ ಬಂದು ನೋಡಿ ಹೋದ. ಎರಡನೇ ದಿನ ಮಧ್ಯಾಹ್ನ ಕುಡತಿನಿ ಕಡೆಯಿಂದ ಒಂದು ಜೀಪು ಬಂದು ನಿಂತಿತು. ಸುಂಕಮ್ಮ ಬಿದಿರ ಕಡ್ಡಿ ಹಿಡಿದು ಎದ್ದು ಹೋದಳು. ಜೀಪಿಗೆ ಗಾಜೇ ಇರಲಿಲ್ಲ, ಬಾಗಿಲಿಗೆ ಹರಿದ ಕ್ಯಾನ್ವಾಸು ನೇತಾಡುತ್ತಿತ್ತು. ಡ್ರೈವರು ಸಂಕೋಚದಿಂದ, ಇದನ್ನೇನಾದರೂ ಮಾಡಲು ಬರುತ್ತದೆಯೇ ಎಂದು ಕೇಳಿದ.

ಸುಂಕಮ್ಮ ಹುಲುಗಮ್ಮನ ಕಡೆ ತಿರುಗಿದಳು. ಹುಲುಗಮ್ಮ ಆಗಲೇ ದಪ್ಪ ಸೂಜಿ ಹುಡುಕುತ್ತಿದ್ದಳು. ಕ್ಯಾನ್ವಾಸು ಬಿಚ್ಚಿ, ಧೂಳು ಕೊಡವಿ, ಸುಂಕಮ್ಮ ಒಂದು ತುದಿ ಬಿಗಿಯಾಗಿ ಹಿಡಿದುಕೊಂಡಳು. ಹುಲುಗಮ್ಮ ಮಿಷನ್ನು ತುಳಿಯತೊಡಗಿದಳು.