ಹವಳದ ತೊಟ್ಟಿಗೆ ಚುರಮುರಿ

ಗೆಳೆಯರೇ, ಮಿರಜದ ನಮ್ಮ ಮನೆಯಲ್ಲಿ ಮೀನಿನ ಜೊತೆ ಜೀವಂತ ಹವಳ ಸಾಕಿರುವ ಗಾಜಿನ ತೊಟ್ಟಿಯಲ್ಲಿ, ಪಾಚಿ ಬೆಳೆಸುವ ಫಾಸ್ಫೇಟ್ ಯಾಕೆ ಇಳಿಯುತ್ತಿಲ್ಲವೆಂದು ಇವತ್ತು ತಿಳಿಯಿತು. ನೀರು ಬದಲಿಸಿದರೂ, ಮೀನಿನ ಆಹಾರ ಕಡಿಮೆ ಮಾಡಿದರೂ ಹಸಿರು ಪಾಚಿ ಹವಳವನ್ನು ಮುಚ್ಚುತ್ತಲೇ ಇತ್ತು. ಬೆಳಿಗ್ಗೆ ನೋಡಿದರೆ, ಕವಲಾಪುರದಿಂದ ಬಂದು ನಮ್ಮಲ್ಲೇ ಉಳಿದಿರುವ ಅಮ್ಮನ ತಂಗಿ, ನಮ್ಮ ಮಾವಶಿ, ಮುಷ್ಟಿಗಟ್ಟಲೆ ಚುರಮುರಿಯನ್ನು, ಅಂದರೆ ಮಂಡಕ್ಕಿಯನ್ನು, ತೊಟ್ಟಿಗೆ ಹಾಕುತ್ತಿದ್ದಾರೆ!

“ಮಾವಶಿ, ಹಾಕಬ್ಯಾಡ್ರಿ! ಅದು ಕೊಳತು ನೀರು ಕೆಡತೈತಿ.”

“ನೀ ಹಾಕೂದು ಒಂದ್ ಚಿಟಿಕಿ. ಬಿಚಾರಿ ಮೀನ, ಗಾಜಿಗೆ ಬಾಯಿ ಹಚ್ಚಿ ನನ್ನ ನೋಡ್ತಾವು. ಉಪವಾಸ ನಾ ಮಾಡ್ತೇನಿ, ಅವಕ್ಕ್ಯಾಕ?”

“ಆದ್ರ ಹವಳ ಸಾಯಾಕತ್ತಾವ್ರಿ. ಅವಕ್ಕೂ ಜೀವ ಐತಿ.”

ಇರುವೆಯನ್ನೂ ತುಳಿಯದಂತೆ ನಡೆಯುವ ಮಾವಶಿಯ ಕೈ ಅಲ್ಲೇ ನಿಂತಿತು.

“ಅಯ್ಯ, ಕಲ್ಲಂತ ತಿಳಕೊಂಡಿದ್ದೆನಪಾ!”

ಗಾಜಿನ ಹತ್ತಿರ ಬಗ್ಗಿ ಹವಳವನ್ನು ನೋಡುತ್ತ ಕೇಳಿದರು: “ಹಂಗಾರ ಇದು ಏನ್ ತಿಂತೈತಿ?”

ಅದು ನೀರಿನ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆಂದು ಈ ಮಾವಶಿಗೆ ಹೇಗೆ ಹೇಳಲಿ? ಚುರಮುರಿ ಡಬ್ಬಿಯನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.