ಒಂದು ಬಕೆಟ್ ನೀರು, ಮೂರು ಪಿಕಪ್

ಸ್ನೇಹಿತರೇ, ಇವತ್ತು ಪಿಕಪ್ ನೋಡಲು ಮೀನು ಮಾರುವ ನನ್ನ ಅಮ್ಮ, ಅಂದರೆ ಆಯಿಯನ್ನೂ ಕಾರವಾರದ ಶೋರೂಮಿಗೆ ಕರೆದೊಯ್ದದ್ದೇ ತಪ್ಪಾಯಿತು. ನನ್ನ ತಲೆಯಲ್ಲಿದ್ದದ್ದು ಕಾಡಿನ ಕಚ್ಚಾ ರಸ್ತೆ, ಗಾಡಿಯ ಹಿಂದೆ ಟೆಂಟು. ಸೇಲ್ಸಿನವನೂ "ಫೋರ್ ವೀಲ್ ಡ್ರೈವ್ ಸರ್, ಎಂಥಾ ಗುಡ್ಡನೂ ಹತ್ತತದೆ" ಎನ್ನುತ್ತಿದ್ದ. ಅಷ್ಟರಲ್ಲಿ ಆಯಿ ಅಲ್ಲೇ ಇದ್ದ ಬಕೆಟ್ ಎತ್ತಿ, ಹೊಳೆಯುವ ಹೊಸ ಗಾಡಿಯ ಹಿಂಭಾಗಕ್ಕೆ ನೀರು ಸುರಿದೇಬಿಟ್ಟಳು.

"ಅಯ್ಯೋ, ಏನ್ ಮಾಡ್ತಿದ್ರಿ ಅಮ್ಮಾ?" ಎಂದ ಆತ.

"ಗುಡ್ಡ ಹತ್ತೂದು ಇರ್ಲಿ ತಮಾ, ಐಸ್ ಕರಗಿದ್ ನೀರು ಎಲ್ಲಿ ಹೋಗ್ತದೆ? ನೋಡು, ಮೂಲೇಲೇ ನಿಂತದೆ. ಅಂಕೋಲಾ ಮುಟ್ಟೂದ್ರೊಳಗೆ ಬಂಗಡೆ ಹಾಳು!"

ಎರಡನೇ ಗಾಡಿಗೂ ಸುರಿದಳು, ಅಲ್ಲೂ ನೀರು ನಿಂತಿತು. ಮೂರನೇ ಗಾಡಿಯಲ್ಲಿ ಸರ್ರನೆ ಹರಿದುಹೋಯಿತು. ಅದನ್ನೇ ಬುಕ್ ಮಾಡಿದೆವು. ಗುಡ್ಡ ಹತ್ತುತ್ತದೋ ಇಲ್ಲವೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಕಾಡಿಗೆಂದು ಮೊದಲೇ ಕೊಂಡಿಟ್ಟಿದ್ದ ನನ್ನ ಹೊಸ ಟೆಂಟು ಮಾತ್ರ ಆಯಿಗೆ ಇಷ್ಟವಾಗಿದೆ. ಮೀನಿನ ಬುಟ್ಟಿಗಳನ್ನೆಲ್ಲ ಮುಚ್ಚಲು ಅಳತೆ ಸರಿಯಾಗಿದೆಯಂತೆ.